ಹತ್ತು ಹೆಜ್ಜೆಯ ಮಾತು

ಆ ಮುಂಜಾನೆ ಇಬ್ಬನಿ ದಟ್ಟವಾಗಿ ಬಿದ್ದಿತ್ತು. ಗಾಳಿ ಇರಲಿಲ್ಲ. ಹೊತ್ತು ಮೂಡಿ ತಾಸಾದರೂ ಬೀದಿಯ ಆ ಬದಿಯ ಮನೆಗಳು ಕಾಣುತ್ತಿರಲಿಲ್ಲ. ನಾನು ವಿಭೂತಿ ಧರಿಸಿಕೊಂಡು, ಪಡಸಾಲೆಯ ಗೋಡೆಗೆ ಹಬ್ಬಿದ್ದ ಹಳೆಯ ರೇಡಿಯೋ ವೈರಿನ ಎಲೆಗಳ ಮೇಲಿನ ಹನಿಯನ್ನು ಅರಿವೆಯಿಂದ ಒರೆಸುತ್ತಿದ್ದೆ. ಅದು ನನ್ನ ಅಪ್ಪನ ಕಾಲದ ವೈರು. ತಾಮ್ರದ್ದು, ಹಾಗಾಗಿ ಎಲೆ ಸಣ್ಣದು, ತುದಿಯಲ್ಲಿ ಕೆಂಪು. ಅಲ್ಯೂಮಿನಿಯಂ ವೈರಿನ ಎಲೆ ಅಗಲ, ಬೂದಿ ಬಣ್ಣ. ಆಡು ಕೂಡ ಅದನ್ನು ಮೂಸುವುದಿಲ್ಲ.

ನಮ್ಮೂರಲ್ಲಿ ಹೊಸ್ತಿಲು ದಾಟಿ ಒಳಗೆ ಬಂದ ವೈರು ಏಳು ದಿನ ಒಂದೇ ಕಡೆ ಇದ್ದರೆ ಚಿಗುರುತ್ತದೆ. ಹೊರಗಿನ ಕಂಬದ ವೈರಿಗೆ ಆ ಗುಣವಿಲ್ಲ. ಚಿಗುರಿದ್ದನ್ನು ಕತ್ತರಿಸಬಾರದೆಂಬುದು ಮಠದ ಗದ್ದುಗೆಯಲ್ಲಿ ಮಲಗಿದ ಅಜ್ಜನ ಮಾತು. ಅದನ್ನು ಮೀರಿದವರನ್ನು ನಾನು ಕಂಡಿಲ್ಲ. ಹಿಂದಿನವರು ಸೋಮವಾರಕ್ಕೊಮ್ಮೆ ಮನೆಯ ವೈರುಗಳನ್ನೆಲ್ಲ ಬಿಚ್ಚಿ, ಸುತ್ತಿ, ಕಟ್ಟೆಯ ಮೇಲೆ ಬಿಸಿಲಿಗಿಟ್ಟು, ಮರುದಿನ ಬೇರೆ ಗೋಡೆಗೆ ಹೊಡೆಯುತ್ತಿದ್ದರು. ಒಂದು ವಾರ ಮರೆತರೆ ಫ್ಯಾನಿನ ಜೊತೆ ಬಳ್ಳಿಯೂ ತಿರುಗುತ್ತಿತ್ತು. ಎಷ್ಟೋ ಮನೆಗಳಲ್ಲಿ ದೀಪದ ಗುಂಡಿ ಎಲೆಯೊಳಗೆ ಮುಳುಗಿ, ಹುಡುಕುವುದಕ್ಕೇ ಒಂದು ದೀಪ ಬೇಕಾಗುತ್ತಿತ್ತು.

ತಂತಿಯಿಲ್ಲದ ಸಾಮಾನು ಊರಿಗೆ ಬಂದದ್ದು ನನ್ನ ಅಂಗಡಿಯಿಂದ. ಹೊಸ್ತಿಲಿನ ಹೊರಗೆ ಕಟ್ಟೆಯ ಮೇಲೆ ಒಂದು ಪ್ಲಗ್ಗು. ದೀಪ, ರೇಡಿಯೋ, ಎಲ್ಲವನ್ನೂ ಅಲ್ಲಿ ಚಾರ್ಜಿಗಿಟ್ಟು ಒಳಗೆ ಒಯ್ಯುವುದು. ಒಳಗೆ ಹೋದ ಮೇಲೆ ಅವು ತಮ್ಮತಮ್ಮೊಳಗೇ ಮಾತಾಡಿಕೊಳ್ಳುತ್ತವೆ. ಹತ್ತು ಹೆಜ್ಜೆಯ ತನಕ ಅವುಗಳ ಮಾತು ಮುಟ್ಟುತ್ತದೆ, ಹನ್ನೊಂದನೆಯ ಹೆಜ್ಜೆಗೆ ಇಲ್ಲ. ಒಂದು ಮನೆಗೆ ಹತ್ತು ಹೆಜ್ಜೆ ಸಾಕು. ಅದಕ್ಕಿಂತ ದೂರ ಹೋಗುವ ಮಾತು ಮನೆಯ ಮಾತಲ್ಲ ಎಂದು ನಾನು ಗಿರಾಕಿಗಳಿಗೆ ಹೇಳುತ್ತಿದ್ದೆ. ಎಲ್ಲಕ್ಕಿಂತ ಹೆಚ್ಚು ಜನ ಕೊಂಡದ್ದು ಬಾಯಿ ಮತ್ತು ಕಿವಿಯನ್ನು. ಬಾಯಿ ಎಂದರೆ ಹುಣಸೆಬೀಜದಷ್ಟು ದೊಡ್ಡ ಗುಂಡಿ, ಮಾತಾಡುವವರ ಹತ್ತಿರ ಇರುವಂಥದು. ಕಿವಿ ಎಂದರೆ ಅದಕ್ಕಿಂತ ಚಿಕ್ಕದು, ಕೇಳುವವರು ಕಿವಿಯಲ್ಲಿ ಇಟ್ಟುಕೊಳ್ಳುವಂಥದು. ಒಂದು ಬಾಯಿಗೆ ಒಂದೇ ಕಿವಿ. ಒಮ್ಮೆ ಕೂಡಿದರೆ ನಾನು ಬಂದು ಬಿಡಿಸುವ ತನಕ ಬಿಡುವುದಿಲ್ಲ.

ನಾನು ಎಲೆ ಒರೆಸಿ ಮುಗಿಸುವಷ್ಟರಲ್ಲಿ ಬಾಳವ್ವ ಮಂಜಿನೊಳಗಿಂದ ಬಂದು ಬಾಗಿಲಲ್ಲಿ ನಿಂತಳು. ನಮ್ಮ ಓಣಿಯ ಮುದುಕಿ ಗುರುಸಿದ್ಧವ್ವನ ಸೊಸೆ ಅವಳು. ಸೆರಗು ಸೊಂಟಕ್ಕೆ ಸಿಕ್ಕಿಸಿತ್ತು, ಕೈಯಲ್ಲಿ ರೊಟ್ಟಿ ಹಿಟ್ಟು ಹಾಗೇ ಇತ್ತು.

"ಅಡಿವೆಪ್ಪಣ್ಣ, ಇವತ್ತು ಬಂದು ನಮ್ಮತ್ತಿ ಕಿವಿ ಕಿತ್ತುಕೊಂಡು ಹೋಗು," ಎಂದಳು. "ಇಲ್ಲಂದ್ರ ಮನಿಯಾಗ ನಾಕು ಗ್ವಾಡಿ ಬಿಟ್ಟು ಏನೂ ಉಳಿಯೂದಿಲ್ಲ. ಗ್ವಾಡಿನೂ ನಾಕ ಅದಾವು ನೋಡು, ಅದರಾಗೂ ಒಂದು ಕೊಟ್ಟಬಿಡತಾಳ."

"ಯಾಕವ್ವಾ, ಕೇಳಸವಲ್ದೇನು ಅವರಿಗೆ?"

"ಕೇಳಸತೈತಿ. ಅದ ನಮಗ ತ್ರಾಸ ಆಗಿದ್ದು."

ಗುರುಸಿದ್ಧವ್ವನಿಗೆ ಎಪ್ಪತ್ತಾರು. ಒಂದು ಕಾಲಕ್ಕೆ ಗದ್ದುಗೆಯ ಮುಂದೆ ಭಜನೆಗೆ ಮೊದಲ ಸೊಲ್ಲು ಎತ್ತುತ್ತಿದ್ದವಳು. ಒಮ್ಮೆ ಕೇಳಿದ ಹಾಡನ್ನು ಎರಡನೆಯ ಸಲ ಕೇಳುತ್ತಿರಲಿಲ್ಲ. ಹನ್ನೊಂದು ವರ್ಷದ ಹಿಂದೆ ಜ್ವರ ಬಂದು ಎರಡೂ ಕಿವಿ ಹೋದವು. ಎಂಟು ದಿನದ ಕೆಳಗೆ ನಾನೇ ಹೋಗಿ ಆಕೆಗೆ ಕಿವಿ ಇಟ್ಟು, ಅದರ ಬಾಯಿಯನ್ನು ದಾರಕ್ಕೆ ಪೋಣಿಸಿ ಬಾಳವ್ವನ ಕೊರಳಿಗೆ ಕಟ್ಟಿ ಬಂದಿದ್ದೆ. ಸೊಸೆ ಅಡಿಗೆಮನೆಯಲ್ಲಿ ನಿಂತು ಮಾತಾಡಿದರೆ ಅತ್ತೆಗೆ ಕೇಳಬೇಕು, ಅಷ್ಟೆ.

"ನಾ 'ಚಾ ಕುಡೀತೀರೇನು ಅತ್ತೀ' ಅಂತ ಕೇಳಿದ್ರ ಕಣ್ಮುಚ್ಚಿ ಕೈ ಮುಗೀತಾಳ," ಎಂದಳು ಬಾಳವ್ವ. "ಚಾಕ್ಕ ಕೈ ಮುಗಿಯೋರನ್ನ ಎಲ್ಲರ ಕಂಡೀಯೇನು? ಮೊದಲನೇ ದಿನ ನಾಕು ರೊಟ್ಟಿ ಹಾಕಿದ್ರ ಮೂರು ತಿಂದು ಒಂದು ಅಗಸಿ ಬಾಗಲ ಮುಂದಿನ ಕುಂಟಗ ಕೊಟ್ಟಳು. ಹ್ವಾಗಲಿ ಅಂದೆ. ಮರದಿನ ನಾಕು ಕೊಡದಾಗ ಒಂದು ಹೋತು. ಆಮ್ಯಾಲ ಸೀರಿ. ನನ್ನ ತವರಿನ ಸೀರಿ, ಅದೂ ನಾಕನೇದ ಇರಬೇಕ? ಮೊನ್ನೆ ಬಾವಿ ಹಗ್ಗದ ಸಲುವಾಗಿ ಆರು ವರ್ಷ ಮಾತು ಬಿಟ್ಟಿದ್ದ ಇಬ್ಬರು ಹೆಣ್ಣಮಕ್ಕಳನ್ನ ಕರದು, ಒಂದ ಹಾಸಗಿ ಮ್ಯಾಲ ಕೂಡಿಸಿ, ಒಂದ ತಾಟಿನ್ಯಾಗ ಉಣಿಸಿದಳು. ಅವರು ಈಗ ಇಬ್ಬರೂ ಕೂಡಿ ನನ್ನ ಮ್ಯಾಲ ಮಾತಾಡಾಕತ್ತಾರ."

ನಾನು ನಕ್ಕೆ. ಅಂಗಿ ಹಾಕಿಕೊಂಡು ಅವಳ ಹಿಂದೆ ಹೊರಟೆ. ಗಾಬರಿಯೇನೂ ಇರಲಿಲ್ಲ, ನನ್ನ ಕೈಕೆಲಸದ ಮೇಲೆ ನನಗೆ ನಂಬಿಕೆ. ನಾನು ಜೋಡಿಸಿದ್ದು ಯಾವುದೂ ಬಿಚ್ಚಿಕೊಂಡದ್ದಿಲ್ಲ. ಮುದುಕಿಗೆ ಬಹಳ ದಿನದ ಮೇಲೆ ಕೇಳಿಸಿದ ಸಂತೋಷ ತಲೆಗೆ ಏರಿರಬೇಕು, ನಾಲ್ಕು ದಿನದಲ್ಲಿ ಇಳಿಯುತ್ತದೆ ಎಂದುಕೊಂಡೆ.

ಅವರದು ಸಾಲುಮನೆ. ಗುರುಸಿದ್ಧವ್ವ ನಡುಮನೆಯ ಗೋಡೆಗೆ ಬೆನ್ನು ಹಚ್ಚಿ, ಕಂಬಳಿಯ ಮೇಲೆ ಕಾಲು ಮಡಿಚಿ, ಕಣ್ಣು ಮುಚ್ಚಿ ಕೂತಿದ್ದಳು. ಮುಖದ ಮೇಲೆ ನೀರಿನಂಥ ಸಮಾಧಾನ. ನನ್ನ ಹೆಜ್ಜೆ ನೆಲದಿಂದ ತಿಳಿಯಿತೋ ಏನೋ, ಕಣ್ಣು ತೆರೆಯದೆ ಕೈ ಎತ್ತಿದಳು.

"ಅಡಿವೆಪ್ಪಾ, ಬಾ. ಕುಂಡ್ರು. ಮಾತಾಡಬ್ಯಾಡ. ಅವ್ವ ಹೇಳಾಕತ್ತಾಳ."

"ಯಾವ ಅವ್ವ?" ಎಂದೆ ಬಾಳವ್ವನ ಕಡೆ ತಿರುಗಿ. ಬಾಳವ್ವ ಮೇಲೆ ನೋಡಿ ಹಣೆ ಬಡಿದುಕೊಂಡಳು.

ಗುರುಸಿದ್ಧವ್ವ ತನಗೆ ಕೇಳುತ್ತಿದ್ದುದನ್ನು ತುಟಿಯಲ್ಲಿ ಸಣ್ಣಗೆ ಹೇಳುತ್ತಿದ್ದಳು. "ಮೂರು ಎತ್ತು, ಒಂದು ಬಿಡು. ಮೂರು ಎತ್ತು, ಒಂದು ಬಿಡು. ಎರಡು ಕೂಡಿಸು. ಕೆಂಪು ಒಳಗ, ಬಿಳಿ ಹೊರಗ."

ಆ ಮಾತು ಕೇಳಿ ನಾನೂ ನೆಲದ ಮೇಲೆ ಕೂತು ಕಣ್ಣು ಮುಚ್ಚಿದೆ. ಮೂರು ಎತ್ತು: ಕಾಯ, ವಾಚಾ, ಮನ. ಒಂದು ಬಿಡು: ಇನ್ನೇನು, ನಾನು ಎಂಬುದು. ಎರಡು ಕೂಡಿಸು: ಜೀವ, ಶಿವ. ಕೆಂಪು ಒಳಗೆ ಇರಲಿ, ಹೊರಗೆ ಬಿಳಿ ಕಾಣಲಿ. ಇಷ್ಟು ಕಡಿಮೆ ಮಾತಿನಲ್ಲಿ ಇಷ್ಟನ್ನು ಗದ್ದುಗೆಯ ಮಠದಲ್ಲೂ ನನಗೆ ಯಾರೂ ಹೇಳಿರಲಿಲ್ಲ. ಹನ್ನೊಂದು ವರ್ಷ ಮೌನದಲ್ಲಿ ಕೂತ ಮುದುಕಿಗೆ ಜಗದ ತಾಯಿ ಬಂದು ಮಾತಾಡಿದರೆ ಅದರಲ್ಲಿ ಅನುಮಾನ ಪಡುವುದೇನಿದೆ? ನನ್ನ ಕಣ್ಣಲ್ಲಿ ನೀರು ಬಂತು.

"ತಿರುಗು," ಎಂದಳು ಗುರುಸಿದ್ಧವ್ವ. "ಲಾಳಿ ಈ ಕಡೆ."

ನಾನು ಕಣ್ಣು ತೆರೆದೆ. ದೇವರಿಗೆ ನೇಕಾರರ ಲಾಳಿ ಯಾತಕ್ಕೆ?

ಮುದುಕಿ ಬೆನ್ನು ಹಚ್ಚಿದ್ದ ಗೋಡೆಯನ್ನು ನೋಡಿದೆ. ಆ ಗೋಡೆಯ ಆಚೆ ನೇಕಾರ ದ್ಯಾಮಣ್ಣನ ಮನೆ. ಗೋಡೆಗೆ ತಾಗಿದ ಕೋಣೆಯಲ್ಲಿ ಅವನ ಅಕ್ಕ ಕಮಳವ್ವ ಇರುತ್ತಾಳೆ. ಬಾಳವ್ವನ ಕೊರಳಿನ ದಾರವನ್ನು ಹಿಡಿದು ಎಳೆದು ಅದರಲ್ಲಿದ್ದ ಬಾಯಿಯ ಗುಂಡಿಯನ್ನು ನೋಡಿದೆ. ಕೂಡಿದ್ದರೆ ಅದರಲ್ಲಿ ಒಂದು ನೀಲಿ ಚುಕ್ಕೆ ಹತ್ತಿರಬೇಕು. ಅದು ಕಪ್ಪಗಿತ್ತು. ಅದು ಒಂದು ದಿನವೂ ಹತ್ತಿರಲೇ ಇಲ್ಲ.

ಇಲ್ಲಿ ನನ್ನ ತಪ್ಪನ್ನು ಸ್ವಲ್ಪ ಬಿಡಿಸಿ ಹೇಳಬೇಕು. ಎರಡು ಕೂಡುವ ಹೊತ್ತಿನಲ್ಲಿ ನೋಡಬಾರದು ಎಂಬುದು ನಮ್ಮೂರಿನ ನಡೆ. ಹೆಪ್ಪು ಹಾಕಿದ ಮೇಲೆ ಹಾಲು ಮೊಸರಾಗುವುದನ್ನು ಯಾರೂ ಮುಚ್ಚಳ ತೆಗೆದು ನೋಡುತ್ತ ಕೂರುವುದಿಲ್ಲ. ಹಾಗೆಯೇ ನಾನು ಬಾಯಿ, ಕಿವಿ ಜೋಡಿಸುವಾಗ ಕಣ್ಣು ಮುಚ್ಚಿ ಅಜ್ಜನ ಹೆಸರನ್ನು ಮೂರು ಸಲ ಹೇಳುತ್ತೇನೆ. ಕಣ್ಣು ತೆರೆದಾಗ ನೀಲಿ ಚುಕ್ಕೆ ಹತ್ತಿರುತ್ತದೆ. ಆ ದಿನವೂ ಮುದುಕಿಯ ಕಿವಿಯಲ್ಲಿ ಚುಕ್ಕೆ ಹತ್ತಿತ್ತು. ಕೊರಳಿಗೆ ಕಟ್ಟಿದ ಬಾಯಿಯನ್ನು ಬಾಳವ್ವ ಮುಷ್ಟಿಯೊಳಗೆ ಹಿಡಿದುಕೊಂಡಿದ್ದಳು. ಅದನ್ನು ಬಿಡಿಸಿ ನೋಡುವ ಅಗತ್ಯ ನನಗೆ ಕಾಣಲಿಲ್ಲ.

ಎಂಟು ದಿನದ ಹಿಂದಿನ ಅದೇ ಮುಂಜಾನೆ, ಅದಕ್ಕಿಂತ ಅರ್ಧ ತಾಸು ಮೊದಲು, ನಾನು ದ್ಯಾಮಣ್ಣನ ಮನೆಯಲ್ಲಿದ್ದೆ. ಹನ್ನೆರಡು ವರ್ಷಕ್ಕೊಮ್ಮೆ ಬರುವ ದೊಡ್ಡ ಹುಣ್ಣಿಮೆಗೆ ಅಜ್ಜನ ಗದ್ದುಗೆಯ ಹೊದಿಕೆ ಅವರ ಮನೆಯಿಂದ ಹೋಗಬೇಕು. ಆ ಹೊದಿಕೆಯ ದಡಿ, ಅಂದರೆ ಅಂಚು, ಅವರ ತಾಯಿಯಿಂದ ಬಂದದ್ದು. ಅದನ್ನು ಯಾರೂ ಬರೆದಿಟ್ಟಿಲ್ಲ. ಈಗ ಅದು ಬರುವುದು ಕಮಳವ್ವ ಒಬ್ಬಳಿಗೆ. ಅವಳು ಕೋಣೆಯ ಬಾಗಿಲು ಹಾಕಿಕೊಂಡು ಹನ್ನೊಂದು ದಿನ, ಮುಂಜಾನೆಯಿಂದ ಬಿಸಿಲೇರುವ ತನಕ, ಎಳೆ ಎಳೆಯಾಗಿ ಅದನ್ನು ಹೇಳುತ್ತಾಳೆ. ತಮ್ಮ ದ್ಯಾಮಣ್ಣ ಮುಂದಿನ ಪಡಸಾಲೆಯ ಕುಣಿಮಗ್ಗದಲ್ಲಿ, ನೆಲದ ಗುಂಡಿಯೊಳಗೆ ಕಾಲು ಇಳಿಬಿಟ್ಟು ಕೂತು ನೇಯುತ್ತಾನೆ. ಹೇಳುವುದನ್ನು ನಡುವೆ ನಿಲ್ಲಿಸುವಂತಿಲ್ಲ, ನಿಲ್ಲಿಸಿದರೆ ಆ ದಡಿ ಅಲ್ಲಿಗೆ ಸತ್ತಂತೆ. ಬಟ್ಟೆ ಮಗ್ಗದಿಂದ ಇಳಿಯುವ ತನಕ ಅವಳು ತಮ್ಮನಿಗೆ ಮುಖ ತೋರಿಸುವಂತಿಲ್ಲ. ಕಮಳವ್ವನಿಗೆ ದಮ್ಮಿನ ರೋಗ. ದನಿ ಎರಡು ಮಾರು ದೂರ ಹೋಗುವುದಿಲ್ಲ. ಹಿಂದೆ ವೈರು ಹಾಕಿದ್ದರು. ಅದು ಚಿಗುರಿ, ಪಡಸಾಲೆ ದಾಟಿ, ಹಾಸಿನ ಎಳೆಗಳೊಳಗೆ ಬಳ್ಳಿ ಹೊಸೆದುಕೊಂಡುಬಿಟ್ಟಿತ್ತು. ಅದಕ್ಕೇ ನನ್ನನ್ನು ಕರೆಸಿದ್ದರು.

ಬಾಯಿಯನ್ನು ಅವಳ ಕೈಗೆ ಕೊಟ್ಟಾಗ ಕಮಳವ್ವ ಬಾಗಿಲ ಸಂದಿಯಿಂದ ಹೇಳಿದ್ದಳು: "ಅಡಿವೆಪ್ಪಾ, ಇದನ್ನ ನೆಟ್ಟಗ ಹಚ್ಚು. ಇನ್ನೊಮ್ಮೆ ಹೇಳೂವಷ್ಟು ಉಸರು ನನ್ನ ಹತ್ರ ಇಲ್ಲ."

"ಅಕ್ಕಾ, ನಾ ಹಚ್ಚಿದ್ದು ಇವತ್ತಿನ ತನಕ ಬಿಟ್ಟಿಲ್ಲ," ಎಂದಿದ್ದೆ ನಾನು.

ದ್ಯಾಮಣ್ಣನ ಕಿವಿ ಆಗ ಕಟ್ಟೆಯ ಮೇಲೆ ಚಾರ್ಜಿಗಿತ್ತು. ತುಂಬಿದ ಮೇಲೆ ಹಾಕ್ಕೋ, ತಾನೇ ಹುಡುಕಿಕೊಳ್ಳುತ್ತದೆ ಎಂದು ಹೇಳಿ ಈ ಮನೆಗೆ ಬಂದೆ. ಅಲ್ಲಿ ಒಂಟಿ ಬಾಯಿ ಕಾಯುತ್ತಿತ್ತು, ಇಲ್ಲಿ ಹೊಸ ಕಿವಿ ತೆರೆದುಕೊಂಡಿತು, ನಡುವೆ ಒಂದು ಮಣ್ಣಿನ ಗೋಡೆ. ನಾನು ಕಣ್ಣು ಮುಚ್ಚಿ ಅಜ್ಜನನ್ನು ನೆನೆಯುತ್ತಿದ್ದೆ.

ಇದಕ್ಕಿಂತ ದೊಡ್ಡ ತಪ್ಪು ಮರುದಿನದ್ದು. ದ್ಯಾಮಣ್ಣ ತನ್ನ ಕಿವಿ ಹಿಡಿದುಕೊಂಡು ಅಂಗಡಿಗೆ ಬಂದು, ಏನೂ ಕೇಳಿಸುತ್ತಿಲ್ಲ ಎಂದ. ನಾನು ಅದನ್ನು ಅಂಗಡಿಯ ಬಾಯಿಗೆ ಹಚ್ಚಿ ನೋಡಿದೆ. ಗಂಟೆ ಹೊಡೆದಂತೆ ಕೇಳಿಸಿತು. "ಕಿವಿ ಸುದ್ದ ಐತಿ," ಎಂದೆ. ಅವನ ಮುಖ ಬಿಗಿಯಿತು. "ಹಂಗಾರ ಅಕ್ಕ ಬಾಯಿ ಬಿಡವಲ್ಲಳು. ತಿಳೀತು ಬಿಡು." ಅವರಿಬ್ಬರ ನಡುವೆ ಮುನಿಸಿರುವುದು ಓಣಿಗೆಲ್ಲ ಗೊತ್ತಿತ್ತು. ಹೋದ ವರ್ಷ ಯಾರೋ ಕೇಳಿದರೆಂದು ಅವನು ತಾಯಿಯ ಕಾಲದ ಇನ್ನೊಂದು ದಡಿಯಲ್ಲಿ ಎರಡು ಎಳೆ ಕಡಿಮೆ ಮಾಡಿ ನೇಯ್ದಿದ್ದ. ಅಂದಿನಿಂದ ಅಕ್ಕ ತಮ್ಮನೊಡನೆ ಮಾತಾಡಿರಲಿಲ್ಲ. ನಾನು ಬಾಯಿ ಮುಚ್ಚಿಕೊಂಡಿದ್ದರೂ ಆಗುತ್ತಿತ್ತು. "ಅಕ್ಕನ ಸಿಟ್ಟು, ನಾಕು ದಿನ ತಡಿ," ಎಂದು ಬೇರೆ ಹೇಳಿ ಕಳಿಸಿದೆ.

ಅಂದರೆ ಎಂಟು ದಿನದಿಂದ ಕಮಳವ್ವ ತನ್ನ ಕೊನೆಯ ಉಸಿರನ್ನೆಲ್ಲ ಸುರಿದು ಹೇಳುತ್ತಿದ್ದಳು. ಮಗ್ಗದ ಸದ್ದು ಬರುತ್ತಿರಲಿಲ್ಲ; ತಮ್ಮ ಹಟಕ್ಕೆ ಕೂತಿದ್ದಾನೆ, ಎಂದಾದರೂ ಮಗ್ಗಕ್ಕೆ ಇಳಿಯುತ್ತಾನೆ ಎಂದು ಅವಳು ತಿಳಿದಿರಬೇಕು. ಅವನು ಅಕ್ಕ ಹೇಳುತ್ತಿಲ್ಲ ಎಂದು ಕೈಕಟ್ಟಿ ಕೂತಿದ್ದ. ಹುಣ್ಣಿಮೆಗೆ ಇನ್ನು ಆರು ದಿನ. ದಡಿ ಅವಳೊಡನೆಯೇ ಹೋಗಿಬಿಡುವುದರಲ್ಲಿತ್ತು, ನನ್ನ ಕೈಯಿಂದ.

"ಈಗ ಕಿವಿ ಕಿತ್ತು ದ್ಯಾಮಣ್ಣಗ ಹಚ್ಚಿಬಿಡು," ಎಂದಳು ಬಾಳವ್ವ.

"ಒಂಬತ್ತನೇ ದಿನದ ಎಳಿ ತಗೊಂಡು ಅಂವ ಏನ ಮಾಡತಾನವ್ವ? ಎಂಟು ದಿನದ್ದು ಹೋತಲ್ಲ," ಎಂದೆ.

ಆಗ ಗುರುಸಿದ್ಧವ್ವನ ತುಟಿಗಳನ್ನು ನೋಡಿದೆ. ಅವು ಇನ್ನೂ ಆಡುತ್ತಿದ್ದವು.

ಆಕೆಗೆ ಹೇಳುವುದಾದರೂ ಹೇಗೆ? ಆಕೆಯ ಕಿವಿಗೆ ನನ್ನ ಮಾತು ಹೋಗುವುದಿಲ್ಲ, ಓದು ಬಾರದು. ಬಾಳವ್ವನನ್ನು ಕೇಳಿ ಮುದುಕಿಯ ಪೆಟ್ಟಿಗೆಯಿಂದ ಒಂದು ಹಳೆಯ ಸೀರೆ ತರಿಸಿದೆ. ದ್ಯಾಮಣ್ಣನ ತಾಯಿ ನೇಯ್ದು ಕೊಟ್ಟ ಸೀರೆ ಅದು. ಆಕೆಯ ಮುಂದೆ ಹರಡಿ, ಆಕೆಯ ಬೆರಳನ್ನು ಹಿಡಿದು ದಡಿಯ ಮೇಲೆ ಇಟ್ಟೆ. ಮೂರು ಎಳೆ ಎದ್ದಿದ್ದವು, ಒಂದು ತಗ್ಗಿನಲ್ಲಿತ್ತು. ಮತ್ತೆ ಮೂರು, ಮತ್ತೆ ಒಂದು. ಬೆರಳನ್ನು ಹಾಗೇ ಸರಿಸುತ್ತ ಹೋದೆ. ಆಮೇಲೆ ಆಕೆಯ ಕೈಯನ್ನು ಎತ್ತಿ ಹಿಂದಿನ ಗೋಡೆಗೆ ಮುಟ್ಟಿಸಿದೆ.

ಗುರುಸಿದ್ಧವ್ವ ಬಹಳ ಹೊತ್ತು ಗೋಡೆಯ ಮೇಲಿನ ಕೈ ತೆಗೆಯಲಿಲ್ಲ. ಇನ್ನೊಂದು ಕೈಯ ಬೆರಳು ದಡಿಯ ಮೇಲೆ ತಾನಾಗಿ ಹೋಗಿ ಬಂತು. ಆ ಮುಖದಲ್ಲಿ ಏನೋ ಒಂದು ಇಳಿಯಿತು. ಇಳಿದು ಅಲ್ಲೇ ನಿಂತಿತು.

"ಕಮಳಾ?" ಎಂದಳು.

ನಾನು ತಲೆ ಆಡಿಸಿದೆ.

"ನಾ ಅವ್ವ ಅಂತ ತಿಳಕೊಂಡಿದ್ದೆ." ಸೀರೆಯ ದಡಿಯನ್ನು ಕಣ್ಣಿಗೊತ್ತಿಕೊಂಡಳು. "ಇರಲಿ. ಆಕಿ ಬಾಯಿಲೆ ಹೇಳಸಾಕಿ ಅವ್ವನ." ಆಮೇಲೆ ಸೊಸೆಯ ಕಡೆ ನೋಡಿ, "ನಿನ್ನ ಸೀರಿ ಹೋತಲ್ಲ ಬಾಳವ್ವ, ಅದೊಂದು ಕೆಟ್ಟ ಅನಸತೈತಿ," ಎಂದಳು. ಬಾಳವ್ವ ಸೆರಗಿನಿಂದ ಬಾಯಿ ಮುಚ್ಚಿಕೊಂಡು ನಕ್ಕಳೋ ಅತ್ತಳೋ ತಿಳಿಯಲಿಲ್ಲ.

ನಾನು ಒಂದು ಬೆರಳು ಎತ್ತಿ ತೋರಿಸಿದೆ: ಮೊದಲನೆಯ ದಿನದ್ದು? ಮುದುಕಿ ಕಣ್ಣು ಮುಚ್ಚಿ, ಇತ್ತ ಕೇಳುತ್ತಲೇ ಅದನ್ನು ಶುರುಮಾಡಿದಳು. ನಿಲ್ಲಿಸಲಿಲ್ಲ, ತಡವರಿಸಲಿಲ್ಲ. ಹನ್ನೊಂದು ವರ್ಷ ಖಾಲಿ ಬಿದ್ದಿದ್ದ ಕಣಜ. ಬಿದ್ದ ಕಾಳು ಒಂದೂ ಹೊರಗೆ ಚೆಲ್ಲಿರಲಿಲ್ಲ. ನಾನು ಎದ್ದು ನಿಂತೆ. ಇನ್ನು ಇದು ಆಗುತ್ತದೆ ಎಂದು ನನಗೆ ಆಗಲೇ ಗೊತ್ತಾಯಿತು.

ಅವಸರ ಮಾಡಿ ಆಕೆಯ ಕೈ ಹಿಡಿದೆ. ಆಕೆ ಬಿಡಿಸಿಕೊಂಡು ಗೋಡೆಯ ಕಡೆ ತೋರಿಸಿದಳು. "ಬಿಸಲು ಏರಲಿ. ಆಕಿ ಇನ್ನೂ ಹೇಳಾಕತ್ತಾಳ. ಹನ್ನೊಂದು ದಿನಾನೂ ನಾ ಮುಂಜಾನಿ ಕೇಳತೀನಿ, ಮಧ್ಯಾಹ್ನ ಹೋಗಿ ಕೊಡತೀನಿ. ಅರ್ಧ ಕೊಟ್ಟರ ಅದು ಕೊಟ್ಟಂಗಲ್ಲ."

ಮಧ್ಯಾಹ್ನ ಮೂವರೂ ದ್ಯಾಮಣ್ಣನ ಪಡಸಾಲೆಗೆ ಹೋದೆವು. ಮಂಜು ಹೋಗಿ ಬಿಸಿಲು ಬಿದ್ದಿತ್ತು. ಅವನು ಮಗ್ಗದ ಕುಣಿಯ ದಂಡೆಯ ಮೇಲೆ ಕೂತು ಖಾಲಿ ಲಾಳಿಯನ್ನು ಕೈಯಲ್ಲಿ ತಿರುವುತ್ತಿದ್ದ. ಹಾಸು ಎಂಟು ದಿನದಿಂದ ಬಿಗಿದಂತೆಯೇ ಇತ್ತು, ಮೇಲೆ ಧೂಳು.

"ಏನ ಅಡಿವೆಪ್ಪಾ, ಇನ್ನೊಂದು ಕಿವಿ ಮಾರಾಕ ಬಂದೀಯೇನು?" ಎಂದ.

"ತಪ್ಪು ಹೇಳಾಕ ಬಂದೀನಿ," ಎಂದೆ. ನಡೆದದ್ದನ್ನೆಲ್ಲ ನಿಂತಲ್ಲೇ ಹೇಳಿದೆ. ಕಣ್ಣು ಮುಚ್ಚಿದ್ದನ್ನೂ ಹೇಳಿದೆ, ಅಕ್ಕನ ಸಿಟ್ಟು ಎಂದದ್ದನ್ನೂ ಹೇಳಿದೆ.

ಅವನು ಲಾಳಿಯನ್ನು ಕೆಳಗಿಟ್ಟ. "ಎಂಟು ದಿನ! ಎಂಟು ದಿನ ಆಕಿ ಹೇಳಿದ್ದು ಗ್ವಾಡಿಗೆ ಹೋತೇನು? ನಾ ಇಲ್ಲಿ ಕುಂತು ಮನಸಿನ್ಯಾಗ ಏನೇನ ಬೈದೀನಿ ನಿನಗ ಗೊತ್ತೈತೇನೋ?" ಎದ್ದು ಒಳಗಿನ ಕೋಣೆಯ ಕಡೆ ಹೊರಟೇಬಿಟ್ಟ.

ಗುರುಸಿದ್ಧವ್ವ ಅವನ ಧೋತರದ ಚುಂಗು ಹಿಡಿದಳು. ಆಕೆಗೆ ಅವನ ಮಾತು ಕೇಳಿರಲಿಲ್ಲ, ಹೊರಟ ಕಾಲು ಕಂಡಿತ್ತು. ಕಿವುಡರು ಗಟ್ಟಿಯಾಗಿ ಮಾತಾಡುತ್ತಾರೆ ಎನ್ನುತ್ತಾರೆ. ಆಕೆ ಕೂಸಿಗೆ ಹೇಳುವ ದನಿಯಲ್ಲಿ ಹೇಳಿದಳು. "ಹೋಗಬ್ಯಾಡಪ್ಪಾ. ನೀ ಕೇಳಿಲ್ಲ ಅಂತ ಆಕಿಗೆ ಗೊತ್ತಾದ್ರ ಉಸರು ಅಲ್ಲೇ ಮುರದು ಬೀಳತೈತಿ. ಇನ್ನ ಎರಡು ದಿನದ್ದು ಐತಿ. ಹಿಂದಿಂದು ನನ್ನ ಹತ್ರ ಇಟ್ಟೀನಿ. ಕುಣ್ಯಾಗ ಇಳಿ."

ದ್ಯಾಮಣ್ಣ ನನ್ನನ್ನು ನೋಡಿದ, ಬಾಳವ್ವನನ್ನು ನೋಡಿದ. "ಈಯಮ್ಮಗ ಮಗ್ಗ ಗೊತ್ತೈತೇನು?"

"ಏನೂ ಗೊತ್ತಿಲ್ಲ," ಎಂದಳು ಬಾಳವ್ವ. "ಅದಕ್ಕ ಚೆಂದ ಹೇಳತಾಳ ನೋಡು. ತನ್ನದೇನೂ ಸೇರಸೂದಿಲ್ಲ."

ಅವನು ಕುಣಿಗೆ ಇಳಿದ. ಮುದುಕಿ ದಂಡೆಯ ಮೇಲೆ ಕೂತು ಎರಡೂ ಅಂಗಾಲನ್ನು ಮಗ್ಗದ ಮರಕ್ಕೆ ಹಚ್ಚಿದಳು. ಒಂದು ಸಾಲು ಹೇಳಿದಳು. ಲಾಳಿ ಹೋಯಿತು, ಎಳೆ ಬಡಿಯುವ ಹಲಗೆ ಬಿತ್ತು. ಆ ಪೆಟ್ಟು ಅಂಗಾಲಿಗೆ ಬಂದಾಗ ಮುಂದಿನ ಸಾಲು. ಎರಡು ತಾಸಿನಲ್ಲಿ ಒಂದು ಗೇಣು ದಡಿ ಹುಟ್ಟಿತು. ಒಂದು ಕಡೆ ದ್ಯಾಮಣ್ಣ ಕೈ ತಡೆದ. ಆಕೆ ನಾಲ್ಕು ಎತ್ತು ಎಂದಿದ್ದಳು. ಅವನು ಎರಡು ಬೆರಳು ತೋರಿಸಿ ಹುಬ್ಬು ಏರಿಸಿದ. ಆಕೆ ಕದಲಲಿಲ್ಲ. "ನಾ ಕೇಳಿದ್ದು ನಾಕು," ಎಂದಳು. ಅವನು ತಲೆ ಬಗ್ಗಿಸಿ ನಾಲ್ಕನ್ನೇ ಎತ್ತಿದ.

ಮರುದಿನ ಮುಂಜಾನೆ ನಾನು ಹೋದಾಗ ಗುರುಸಿದ್ಧವ್ವ ಗೋಡೆಗೆ ಒರಗಿ ನಗುತ್ತಿದ್ದಳು. "ಅಡಿವೆಪ್ಪಾ, ಇವತ್ತು ಆಕಿ ದನಿ ಗಟ್ಟಿ ಆಗೇತಿ. ನಿನ್ನಿ ಮಗ್ಗದ ಸಪ್ಪಳ ಆಕಿಗೆ ಮುಟ್ಟಿರಬೇಕು."

ಹನ್ನೊಂದನೆಯ ದಿನ ಹೇಳುವುದು ಮುಗಿಯಿತು. ಅಂದು ಮಧ್ಯಾಹ್ನ ಮುದುಕಿ ಮಗ್ಗಕ್ಕೆ ಬಂದಾಗ ಅವಳ ಕಿವಿ ಖಾಲಿ ಇತ್ತು. ಕಿವಿಯ ಗುಂಡಿಯನ್ನು ಎಡಗೈಯ ಮುಷ್ಟಿಯಲ್ಲಿ ಹಿಡಿದುಕೊಂಡಿದ್ದಳು. ಇನ್ನು ಇದನ್ನು ಬಿಡಿಸಿ ಬಾಳವ್ವನ ಬಾಯಿಗೆ ಹಚ್ಚಲೇ ಎಂದು ನಾನು ಸನ್ನೆಯಲ್ಲಿ ಕೇಳಿದೆ. ಬೇಡ, ತಡಿ ಎಂದು ಕೈ ಆಡಿಸಿದಳು. "ನಮ್ಮತ್ತಿಗೆ ನನ್ನ ಮಾತು ಕೇಳಾಕ ಅಷ್ಟೇನ ಅವಸರ ಇಲ್ಲ ಬಿಡು," ಎಂದಳು ಬಾಳವ್ವ. "ಹನ್ನೊಂದು ವರ್ಷ ಆರಾಮ ಇದ್ದಾಳ." ಆದರೂ ಮುಂದಿನ ಮೂರು ದಿನ, ಮುಂಜಾನೆಯಿಂದಲೇ ಮಗ್ಗದ ಹತ್ತಿರ, ಅತ್ತೆಯ ಬೆನ್ನ ಹಿಂದೆ ತಲೆದಿಂಬು ಇಟ್ಟು, ಆಗಾಗ ಬೆಲ್ಲದ ನೀರು ಕುಡಿಸುತ್ತ ಕೂತದ್ದು ಅವಳೇ. ಮುದುಕಿ ಮುಂಜಾನೆಯೂ ಕಿವಿ ಹಾಕಿಕೊಳ್ಳಲಿಲ್ಲ. ಹೇಳುವಷ್ಟು ಹೇಳಿ, ಉಂಡು, ಮಲಗುತ್ತಿದ್ದಳು. ಗುಂಡಿ ಮುಷ್ಟಿಯಲ್ಲೇ ಇರುತ್ತಿತ್ತು. ಅದರ ನೀಲಿ ಬೆಳಕು ಬೆರಳ ಸಂದಿಯಲ್ಲಿ ಕಾಣುತ್ತಿತ್ತು.

ಹದಿನಾಲ್ಕನೆಯ ದಿನ, ಊಟದ ಹೊತ್ತಿಗೆ ಮುಂಚೆ, ಕೊನೆಯ ಸಾಲು ಬಂತು. "ಮೂರು ಎತ್ತು, ಒಂದು ಬಿಡು. ತಿರುಗು. ಸಾಕು," ಎಂದಳು ಗುರುಸಿದ್ಧವ್ವ. ಹಲಗೆ ಬಿದ್ದಿತು. ದ್ಯಾಮಣ್ಣ ಕೈ ತೆಗೆದು ತೊಡೆಯ ಮೇಲೆ ಇಟ್ಟುಕೊಂಡ. ಕೆಂಪು ಒಳಗೆ, ಬಿಳಿ ಹೊರಗೆ, ಆರು ಮೊಳದ ದಡಿ ಮಗ್ಗದ ಮೇಲೆ ಬಿಗಿಯಾಗಿ ಮಲಗಿತ್ತು. ನಾನು ಅದನ್ನು ಮುಟ್ಟಲಿಲ್ಲ. ಕಣ್ಣು ತೆರೆದೇ ನೋಡಿದೆ, ನೋಡಿ ಕೈ ಮುಗಿದೆ.

ಗುರುಸಿದ್ಧವ್ವ ಮಗ್ಗದ ಮರ ಹಿಡಿದು ನಿಧಾನವಾಗಿ ಎದ್ದಳು. ದ್ಯಾಮಣ್ಣನ ಬಲಗೈ ತೆಗೆದುಕೊಂಡು, ಅಂಗೈ ಮೇಲೆ ಮಾಡಿ, ತನ್ನ ಮುಷ್ಟಿ ಅದರ ಮೇಲೆ ಬಿಚ್ಚಿದಳು. ನೀಲಿ ಚುಕ್ಕೆಯ ಗುಂಡಿ ಅವನ ಅಂಗೈಗೆ ಬಿತ್ತು.

"ಇದು ಯಾಕ ನನಗ? ಹೇಳೂದು ಮುಗೀತಲ್ಲ," ಎಂದ ಅವನು, ಆಕೆಗೆ ಕೇಳಿಸದೆಂಬುದನ್ನು ಮರೆತು.

ಆಕೆ ಅವನ ಬೆರಳುಗಳನ್ನು ಒಂದೊಂದಾಗಿ ಅದರ ಮೇಲೆ ಮಡಚಿದಳು.

"ಎಳಿ ಮುಗದ ಮ್ಯಾಲೂ ಆಕಿ ಸುಮ್ಮನಾಗಲಿಲ್ಲ," ಎಂದಳು. "'ದ್ಯಾಮಾ' ಅಂದಳು. ನೀ ಕೇಳಾಕತ್ತಿ ಅಂತ ತಿಳದಾಳ. ಅಷ್ಟ ಕೇಳಿದೆ, ಕಿತ್ತು, ದಡಿ ಮುಗಿಯೂತನಕ ಕೈಯಾಗ ಇಟಗೊಂಡೆ. ಮೂರು ದಿನ ಆತು, ಇನ್ನೂ ಕರೀತಿರಬೇಕು. ಆ ಮಾತು ದಡಿದಲ್ಲ, ನಿಂದು."

ಬಾಳವ್ವನ ಭುಜ ಹಿಡಿದು ಗುರುಸಿದ್ಧವ್ವ ಹೊಸ್ತಿಲು ದಾಟಿ ಬಿಸಿಲಿಗೆ ಇಳಿದಳು. ನಾನೂ ಅವರ ಹಿಂದೆ ಹೊರಟೆ. ಬಾಗಿಲಲ್ಲಿ ಒಮ್ಮೆ ತಿರುಗಿ ನೋಡಿದಾಗ ದ್ಯಾಮಣ್ಣ ಕುಣಿಯಲ್ಲೇ ನಿಂತಿದ್ದ. ಗುಂಡಿಯನ್ನು ಅಂಗಿಯ ತುದಿಯಿಂದ ಒರೆಸಿ, ಕಿವಿಯಲ್ಲಿ ಇಟ್ಟುಕೊಂಡ.